ಜಾಗ ಕಣ್ಣಾರೆ ನೋಡೋ ಮುಂಚೆ ಬಾಕಿ ದುಡ್ಡು ಕೊಡಬೇಡಿ: ಸಕಲೇಶಪುರ ಕಡೆ ಗ್ಲಾಂಪಿಂಗ್ ಅಂತ ನಮಗೆ ಮಾಡಿದ ಮೋಸ

ಸಕಲೇಶಪುರ, ಮೂಡಿಗೆರೆ ಕಡೆ ಡೋಮ್ ಸ್ಟೇ (ಗುಮ್ಮಟದ ಥರ ಇರೋ ದೊಡ್ಡ ಟೆಂಟು), ಗ್ಲಾಂಪಿಂಗ್ (ಹೋಟೆಲ್ ಥರ ಸೌಕರ್ಯ ಇರೋ ಕ್ಯಾಂಪಿಂಗ್) ಅಂತ ರೀಲ್ಸ್ ನೋಡಿ ಅಡ್ವಾನ್ಸ್ ಕಳಿಸೋಕೆ ಕೂತಿರೋರು ದಯವಿಟ್ಟು ಇದನ್ನ ಓದಿ ಆಮೇಲೆ ಕಳಿಸಿ. ಉದ್ದ ಇದೆ, ಗೊತ್ತು. ಇನ್ನೂ ಸಿಟ್ಟು ಇಳಿದಿಲ್ಲ ನಂಗೆ. ದುಡ್ಡು ಹೋಗಿದ್ದು ಒಂದು ಕಡೆ ಇರ್ಲಿ, ಅತ್ತೆ ಮುಂದೆ, ನಾದಿನಿ ಮನೆಯವರ ಮುಂದೆ ನಾನು ತಲೆ ತಗ್ಗಿಸಿ ನಿಲ್ಲೋ ಹಾಗೆ ಮಾಡಿದ್ರಲ್ಲ, ಅದಕ್ಕೆ ಹೊಟ್ಟೆ ಉರೀತಿದೆ.

ಡಿಸೆಂಬರ್ ರಜಕ್ಕೆ ನಾದಿನಿ, ಅವಳ ಯಜಮಾನ್ರು, ಮಗಳು ದಾವಣಗೆರೆಯಿಂದ ನಮ್ಮನೆಗೆ ಬಂದಿದ್ರು. ಎಲ್ಲರೂ ಸೇರಿ ಒಂದು ರಾತ್ರಿ ಎಲ್ಲಾದ್ರೂ ಹೋಗೋಣ ಅಂತ ಮಾತಾಯ್ತು, ನಾನೇ ಹುಡುಕಿದ್ದು. ಫೋಟೋದಲ್ಲಿ ಬೆಳ್ಳಗೆ ದೊಡ್ಡ ಡೋಮ್, ಮುಂದೆ ಪೂರ್ತಿ ಟ್ರಾನ್ಸ್‌ಪರೆಂಟ್, ಒಳಗೆ ಡಬಲ್ ಕಾಟ್, ಹಿಂದೆ ಅಟ್ಯಾಚ್ಡ್ ಬಾತ್‌ರೂಮ್, ಎದುರಿಗೆ ಮಂಜು ತುಂಬಿದ ಬೆಟ್ಟ. ದೊಡ್ಡವರಿಗೆ ತಲೆಗೆ 3,500, ಮಕ್ಕಳಿಗೆ ಅರ್ಧ, ಊಟ ತಿಂಡಿ ಎಲ್ಲಾ ಸೇರಿ. ದೊಡ್ಡವರು ಐದು ಜನ, ಮಕ್ಕಳು ಇಬ್ರು, ಒಟ್ಟು 21,000. ಅರ್ಧ, ಅಂದ್ರೆ 10,500 ಅಡ್ವಾನ್ಸ್, ಕ್ಯಾನ್ಸಲ್ ಮಾಡಿದ್ರೆ ವಾಪಸ್ ಇಲ್ಲ. ಇದೆಲ್ಲ ಈಗ ಮಾಮೂಲಿ ತಾನೆ, ಎಲ್ಲರೂ ಹಿಂಗೇ ಕೇಳ್ತಾರೆ.

ನಾನು ಕೇಳದೆ ಬುಕ್ ಮಾಡ್ಲಿಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತಿದೀನಿ. ಒಂದೊಂದೂ ಕೇಳಿದೀನಿ, ಎಲ್ಲಾ ಚಾಟ್ ನನ್ನ ಹತ್ರ ಇದೆ. "ಅತ್ತೆಗೆ ಮಂಡಿ ನೋವು, ಕೆಳಗೆ ಕೂರೋಕಾಗಲ್ಲ, ವೆಸ್ಟರ್ನ್ ಟಾಯ್ಲೆಟ್ ಇದೆಯಾ?" "ಎಲ್ಲಾ ಇದೆ ಮೇಡಂ." "ಕಾರ್ ಅಲ್ಲೀತನಕ ಬರುತ್ತಾ?" "ಬರುತ್ತೆ ಮೇಡಂ, ರೋಡ್ ಸೂಪರ್ ಇದೆ." "ಫ್ಯಾಮಿಲಿಗಳು ಬರ್ತಾರಾ?" "ಓನ್ಲಿ ಫ್ಯಾಮಿಲಿ ಮೇಡಂ." "ಒಂದು ವಿಡಿಯೋ ಕಾಲ್ ಮಾಡಿ ಡೋಮ್ ತೋರಿಸ್ತೀರಾ?" "ನೆಟ್‌ವರ್ಕ್ ಇಲ್ಲ ಮೇಡಂ ಅಲ್ಲಿ, ಅದೇ ಸ್ಪೆಷಾಲಿಟಿ." ಅಂತ ಹೇಳಿ ಮತ್ತೆ ಅದೇ ರೀಲ್ ಕಳಿಸಿದ್ರು. ಲೊಕೇಶನ್ ಕೇಳಿದ್ರೆ ಹೊರಡೋ ಹಿಂದಿನ ದಿನ ಕಳಿಸ್ತೀವಿ, ಎಲ್ಲರಿಗೂ ಹಂಗೇ ಮಾಡೋದು ಅಂದ್ರು.

ಬೆಂಗಳೂರಿಂದ ಸಕಲೇಶಪುರಕ್ಕೆ ಹೆಚ್ಚು ಕಮ್ಮಿ 220 ಕಿಲೋಮೀಟರ್, ಹಾಸನದವರೆಗೆ ಏನೂ ತೊಂದ್ರೆ ಇಲ್ಲ. ಟೌನ್ ದಾಟಿ ಬಿಸಿಲೆ ಕಡೆ ರಸ್ತೆ ಹಿಡಿದು ಅವರು ಕಳಿಸಿದ ಪಿನ್‌ಗೆ ಹೋದ್ರೆ ಅದು ಯಾವ ಸ್ಟೇನೂ ಅಲ್ಲ, ಒಂದು ಚಿಕ್ಕ ಅಂಗಡಿ, ಪಕ್ಕದಲ್ಲಿ ಖಾಲಿ ಜಾಗ, ಅಲ್ಲಿ ಆಗ್ಲೇ ಮೂರು ನಾಲ್ಕು ಕಾರು ನಿಂತಿದ್ವು. ಒಂದು ಹಳೇ ಜೀಪ್, ಅದರ ಡ್ರೈವರ್. ಫೋನ್ ಮಾಡಿದ್ರೆ ಹೋಸ್ಟ್ ಹೇಳ್ತಾರೆ, "ಇಲ್ಲಿಂದ ಮೇಲಕ್ಕೆ ಜೀಪೇ ಮೇಡಂ, ಹೋಗೋಕೆ 2,000, ಬರೋಕೆ 2,000, ಅದು ಪ್ಯಾಕೇಜಲ್ಲಿ ಬರಲ್ಲ. ಬಾಕಿ ಪೇಮೆಂಟ್ ಅಲ್ಲೇ ಮಾಡ್ಬಿಡಿ, ಮೇಲೆ ನೆಟ್‌ವರ್ಕ್ ಇರಲ್ಲ." ಕಾರ್ ಬರುತ್ತೆ ಅಂದಿದ್ರಲ್ಲ ಅಂದೆ. "ಮಳೆ ಬಂದು ರೋಡ್ ಹೋಯ್ತು ಮೇಡಂ." ಡಿಸೆಂಬರಲ್ಲಿ. ನಮ್ಮನೆಯವರು ಮೇಲೆ ಹೋಗಿ ನೋಡಿ ಕೊಡ್ತೀವಿ ಅಂದ್ರು, ಜೀಪ್ ಡ್ರೈವರ್ ಇಂಜಿನ್ ಆಫ್ ಮಾಡಿದ್ರು. "ಅವ್ರು ಪೇಮೆಂಟ್ ಆಯ್ತು ಅಂತ ಫೋನ್ ಮಾಡಿದ್ರೆನೇ ನಾವು ಎತ್ತೋದು ಸಾರ್." ಮಕ್ಕಳು ಹಸಿದಿದ್ರು, ಅತ್ತೆ ಐದು ಗಂಟೆ ಕೂತು ಕೂತು ಕಾಲು ಹಿಡ್ಕೊಂಡಿದ್ರು. ಕಳಿಸಿದ್ವಿ.

ಇದನ್ನ ಗಮನ ಇಟ್ಟು ನೋಡಿ. ಜಾಗ ನಮ್ಮ ಕಣ್ಣಿಗೆ ಬೀಳೋದು ಕೊನೇಗೆ. ಅಷ್ಟೊತ್ತಿಗೆ ದುಡ್ಡು ಪೂರ್ತಿ ಅವರ ಹತ್ರ, ಕಾರು ಕೆಳಗೆ, ಫೋನಲ್ಲಿ ಸಿಗ್ನಲ್ ಇಲ್ಲ, ಇಳೀಬೇಕು ಅಂದ್ರೆ ಜೀಪು ಅವರದ್ದೇ. ಇದು ತಾನಾಗೇ ಆಗಿದ್ದಲ್ಲ, ಹಿಂಗೇ ಆಗಬೇಕು ಅಂತಾನೇ ಜೋಡಿಸಿರೋದು. ಮನೆಗೆ ಬಂದು ಯೋಚನೆ ಮಾಡ್ದಾಗ ಇದು ಹೊಳೀತು, ಹೊಳೆದ ಮೇಲೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮೇಲೆ ಹೋದ್ವಿ. ಕಾಫಿ ತೋಟದ ಅಂಚು, ಒಂದು ತಗಡಿನ ಶೆಡ್, ನಾಲ್ಕೂ ಕಡೆ ತೆರೆದಿದೆ, ಸಿಮೆಂಟ್ ನೆಲ, ಅದರ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಟ್ರೆಕ್ಕಿಂಗ್ ಟೆಂಟು, ಇಬ್ರು ಮಲಗೋ ಅಂಥವು. ಬಟ್ಟೆ ಬಣ್ಣ ಹೋಗಿ ಬಿಟ್ಟಿದೆ. ನಾನು ಇದು ಬೇರೆಯವರದ್ದು, ನಮ್ದು ಇನ್ನೂ ಮುಂದೆ ಇರಬೇಕು ಅಂತ ನಡ್ಕೊಂಡು ಹೋದೆ. ಮುಂದೆ ಬೇಲಿ ಇತ್ತು. ಅಷ್ಟೇ. ವಾಪಸ್ ಬಂದು ಅಲ್ಲಿದ್ದ ಹುಡುಗನ್ನ ಕೇಳಿದೆ, ಡೋಮ್ ಎಲ್ಲಪ್ಪಾ ಅಂತ. ಅವನು ನನ್ನ ಮುಖ ನೋಡಿದ. "ಯಾವ ಡೋಮ್ ಅಕ್ಕ?" ನಾನು ಫೋಟೋ ತೋರಿಸಿದೆ. "ಇದು ಇಲ್ಲಿದಲ್ಲ ಅಕ್ಕ. ಇಲ್ಲಿ ಯಾವತ್ತೂ ಇರ್ಲಿಲ್ಲ. ಮೊನ್ನೆ ಬಂದೋರೂ ಇದನ್ನೇ ತೋರಿಸಿದ್ರು."

ಮೊನ್ನೆ ಬಂದೋರೂ ಇದನ್ನೇ ತೋರಿಸಿದ್ರು. ಆ ಮಾತು ಕೇಳಿ ನಂಗೆ ಮೈ ತಣ್ಣಗಾಯ್ತು. ಹಿಂದೆ ತಿರುಗಿದ್ರೆ ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಬ್ಯಾಗ್ ತೊಡೆ ಮೇಲಿಟ್ಕೊಂಡು ಕೂತಿದ್ರು, ಏನೂ ಕೇಳ್ಲಿಲ್ಲ ನನ್ನ. ನಾದಿನಿ "ಪರವಾಗಿಲ್ಲ ಬಿಡು ಅತ್ತಿಗೆ" ಅಂದ್ಲು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.

ಟಾಯ್ಲೆಟ್ ಎರಡು, ಅಲ್ಲಿದ್ದ ಎಲ್ಲರಿಗೂ ಸೇರಿ. ಎರಡೂ ಇಂಡಿಯನ್. ಒಂದಕ್ಕೆ ಬಾಗಿಲ ಬದಲು ನೀಲಿ ಟಾರ್ಪಾಲು. ಶೆಡ್ಡಿಂದ ಅಲ್ಲಿಗೆ ಹೋಗೋ ದಾರೀಲಿ ಲೈಟ್ ಇಲ್ಲ. ಎಪ್ಪತ್ತು ದಾಟಿದ ಹೆಂಗಸನ್ನ ನಾನೂ ನಾದಿನಿನೂ ಎರಡೂ ಕಡೆ ರಟ್ಟೆ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದ್ವಿ, ಇಷ್ಟೇ ಹೇಳ್ತೀನಿ. ಅವತ್ತು ಸಂಜೆಯಿಂದ ಅವರು ನೀರು ಕುಡಿಯೋದೇ ನಿಲ್ಲಿಸಿದ್ರು. ಅವರಿಗಾದ ಮುಜುಗರಕ್ಕೆ ಯಾರು ರಿಫಂಡ್ ಕೊಡ್ತಾರೆ?

ಓನ್ಲಿ ಫ್ಯಾಮಿಲಿ ಅಂದಿದ್ದೂ ಸುಳ್ಳು. ಪಕ್ಕದ ಟೆಂಟುಗಳಲ್ಲಿ ಹುಡುಗರ ದೊಡ್ಡ ಗ್ಯಾಂಗು, ಸ್ಪೀಕರ್ ಹಾಕಿ ಕುಡಿಯೋದು. ಅವರದ್ದೇನೂ ತಪ್ಪಿಲ್ಲ ಬಿಡಿ, ಅವರಿಗೆ ಓನ್ಲಿ ಬ್ಯಾಚುಲರ್ಸ್ ಅಂತ ಹೇಳಿ ಕರ್ಸಿದ್ರಂತೆ.

ಬೇಲಿ ಹತ್ರ ಒಂದು ಕಲ್ಲಿನ ಮೇಲೆ ಹತ್ತಿ ನಿಂತ್ರೆ ಒಂದು ಕಡ್ಡಿ ಸಿಗ್ನಲ್ ಬರುತ್ತೆ ಅಂತ ಆ ಹುಡುಗನೇ ತೋರಿಸಿದ. ಅಲ್ಲಿಂದ ಹೋಸ್ಟ್‌ಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನ ಹಂಗಂಗೇ ಹಾಕ್ತಿದೀನಿ. "ಡೋಮ್ ಮೇಂಟೆನೆನ್ಸಿಗೆ ಹೋಗಿದೆ ಮೇಡಂ." ಇಲ್ಲಿ ಯಾವತ್ತೂ ಇರ್ಲಿಲ್ಲ ಅಂತ ನಿಮ್ಮ ಹುಡುಗನೇ ಹೇಳ್ತಿದಾನೆ ಅಂದೆ. "ಅವನು ಹೊಸಬ, ಅವನಿಗೇನು ಗೊತ್ತು." ಫೋಟೋ ಎಲ್ಲಿದು ಹಾಗಾದ್ರೆ? "ಅದು ರೆಫರೆನ್ಸ್ ಫೋಟೋ ಮೇಡಂ." ಟಾಯ್ಲೆಟ್? "ನೇಚರ್ ಅಂದ್ಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು." ನೀವು ಇಲ್ಲಿಗೆ ಬನ್ನಿ, ಮಾತಾಡೋಣ ಅಂದೆ. "ನಾನು ಬೆಂಗಳೂರಲ್ಲಿದೀನಿ ಮೇಡಂ." ಕೊನೇಗೆ, ನಾನು ಮರೆಯೋಕಾಗದೆ ಇರೋ ಮಾತು, "ಕ್ಯಾಂಪಿಂಗಿಗೆ ಬಂದು ಹೋಟೆಲ್ ಸೌಕರ್ಯ ಕೇಳಿದ್ರೆ ಹೆಂಗೆ ಮೇಡಂ? ನಿಮ್ಮಂಥೋರು ರೆಸಾರ್ಟಿಗೆ ಹೋಗಬೇಕಿತ್ತು." ನಾನು ಬುಕ್ ಮಾಡಿದ್ದೇ ಅವರು ಹಾಕಿದ್ದ ಕಾಟು, ಬಾತ್‌ರೂಮಿನ ಫೋಟೋ ನೋಡಿ!

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ನಾಗ್ತಿದ್ದೆನೋ ಏನೋ. ರಾತ್ರಿ ಚಳಿ ಜಾಸ್ತಿ ಆಯ್ತು, ಕೊಟ್ಟಿದ್ದು ತೆಳ್ಳನೆ ಸ್ಲೀಪಿಂಗ್ ಬ್ಯಾಗ್. ಹೊದಿಕೆ ಕೇಳಿದ್ವಿ, ಇಲ್ಲ ಅಂದ್ರು, ಅದರ ಬದಲು ಒಂದು ಕಬ್ಬಿಣದ ಬಾಣಲೀಲಿ ಕೆಂಡ ತುಂಬಿಸಿ ತಂದು ಮಕ್ಕಳ ಟೆಂಟ್ ಒಳಗೇ ಇಟ್ಟು ಜಿಪ್ ಎಳೀರಿ ಬೆಚ್ಚಗಾಗುತ್ತೆ ಅಂದ್ರು. ಸಾರ್ ಹೇಳಿದಾರೆ, ಎಲ್ಲರಿಗೂ ಹಿಂಗೇ ಕೊಡೋದು ಅಂತೆ. ಅತ್ತೆ ಕೂತಲ್ಲಿಂದಲೇ ಜೋರಾಗಿ ಕೂಗಿದ್ರು, ಮೊದ್ಲು ಅದನ್ನ ಹೊರಗೆ ತೆಗೀರೋ ಅಂತ. ಬಾಣಂತಿ ಕೋಣೆಗೆ ಕೆಂಡ ಇಟ್ರೂ ಬಾಗಿಲು ಸಂದು ಬಿಟ್ಟಿರ್ತಿದ್ವಿ, ಇದ್ರಲ್ಲಿ ಗಾಳಿ ಎಲ್ಲಿಂದ ಬರ್ಬೇಕು ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮುಚ್ಚಿದ ಜಾಗದಲ್ಲಿ ಕೆಂಡ ಇಟ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದೋರಿಗೆ ಗೊತ್ತೇ ಆಗಲ್ಲ. ಹಿಂಗೆ ಮಲಗಿ ನಿದ್ದೇಲೇ ಹೋದೋರ ಸುದ್ದಿ ಚಳಿಗಾಲದಲ್ಲಿ ಪೇಪರಲ್ಲಿ ಬರ್ತಾನೇ ಇರುತ್ತೆ. ಅದೂ ಇಬ್ರು ಮಕ್ಕಳ ಪಕ್ಕ. ಎಲ್ಲರಿಗೂ ಹಿಂಗೇ ಕೊಡೋದು ಅಂದ್ರಲ್ಲ, ಅದಕ್ಕೇ ಇದನ್ನ ಬರೀತಿರೋದು. ಇವತ್ತು ರಾತ್ರಿನೂ ಯಾರಿಗೋ ಕೊಡ್ತಿರ್ತಾರೆ.

ಆಮೇಲೆ ಆನೆ. ಹಾಸನ ಜಿಲ್ಲೇಲಿ ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಎಷ್ಟು ದೊಡ್ಡ ಸಮಸ್ಯೆ ಅಂತ ಪೇಪರ್ ಓದೋ ಎಲ್ಲರಿಗೂ ಗೊತ್ತು, ಆನೆ ತುಳಿದು ತೋಟದ ಕೆಲಸದೋರು ಸತ್ತಿದಾರೆ, ಆನೆ ಎಲ್ಲಿದೆ ಅಂತ ಅಲ್ಲಿನ ಜನಕ್ಕೆ ಫೋನಿಗೆ ಮೆಸೇಜ್ ಬರುತ್ತೆ. ಭತ್ತ ಕೊಯ್ಲಿನ ಟೈಮಲ್ಲಿ ಗದ್ದೆಗೆ ಇಳಿಯೋದು ಇನ್ನೂ ಜಾಸ್ತಿ. ರಾತ್ರಿ ದೂರದಲ್ಲಿ ಪಟಾಕಿ ಹೊಡೆದ ಶಬ್ದ ಬಂತು. ಹುಡುಗ ಓಡಿ ಬಂದು "ಕೆಳಗಿನ ಗದ್ದೇಲಿ ಆನೆ ಇದೆಯಂತೆ, ಯಾರೂ ಹೊರಗೆ ಬರ್ಬೇಡಿ" ಅಂದು ಅವನ ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ. ಅವನಿಗೆ ಗೋಡೆ ಇರೋ ರೂಮ್ ಇತ್ತು. ನಮಗಿದ್ದಿದ್ದು ಬಟ್ಟೆ. ನಮ್ಮನೆಯವರು, ನಾದಿನಿ ಯಜಮಾನ್ರು ಇಬ್ರೂ ಬೆಳಗಿನ ತನಕ ಟಾರ್ಚ್ ಹಿಡ್ಕೊಂಡು ಕೂತಿದ್ರು. ವಯನಾಡಿನ ಮೇಪ್ಪಾಡಿ ಹತ್ರ 2021ರ ಜನವರಿಯಲ್ಲಿ ಟೆಂಟ್ ಸ್ಟೇಗೆ ಹೋಗಿದ್ದ ಮಹಿಳೆನ ಕಾಡಾನೆ ಕೊಂದಿದ್ದು ಇಂಥದ್ದೇ ಜಾಗದಲ್ಲಿ. 2025ರ ಮೇನಲ್ಲಿ ಅದೇ ಮೇಪ್ಪಾಡಿ ಕಡೆ ಒಂದು ರೆಸಾರ್ಟಲ್ಲಿ ಟೆಂಟಿಗೆ ಹಾಕಿದ್ದ ಶೆಡ್ ಕುಸಿದು ಇನ್ನೊಬ್ಬ ಯುವತಿ ಹೋದ್ರು. ಇದು ಗೊತ್ತಿದ್ದೂ ಕಾಡಿನ ಅಂಚಲ್ಲಿ ಬಟ್ಟೆ ಕಟ್ಟಿ ಮಕ್ಕಳನ್ನ ಮಲಗಿಸಿ ಬೆಂಗಳೂರಲ್ಲಿ ಕೂತು ದುಡ್ಡು ಎಣಿಸ್ತಾರೆ.

ಬೆಳಗ್ಗೆ ತಿಂಡಿಗೂ ಕಾಯದೆ ಇಳಿದ್ವಿ, 2,000 ಕೊಟ್ಟು. ಇಳಿಯೋವಾಗ ಜೀಪ್ ಡ್ರೈವರೇ ಹೇಳಿದ್ರು, ತೋಟ ನಿಮ್ಮ ಹತ್ರ ದುಡ್ಡು ತಗೊಂಡೋರದ್ದಲ್ಲ ಮಾರಾಯ್ರೆ, ತೋಟದ ಯಜಮಾನ್ರ ಹತ್ರ ಜಾಗ ಬಾಡಿಗೆಗೆ ತಗೊಂಡಿರೋದು, ಅವರು ಇಲ್ಲಿಗೆ ಬರೋದೇ ಅಪರೂಪ ಅಂತ. ನಿನ್ನೆ ಇಂಜಿನ್ ಆಫ್ ಮಾಡೋವಾಗ ಇದನ್ನ ಹೇಳಬಹುದಿತ್ತು.

ರಿಫಂಡ್ ಕೇಳಿದ್ದಕ್ಕೆ ಮೊದ್ಲು "ಟೀಮಿಗೆ ಹೇಳಿದೀನಿ" ಅಂದ್ರು. ಆಮೇಲೆ "ಮುಂದಿನ ಸಲ ಬಂದಾಗ 10 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ." ಮುಂದಿನ ಸಲ! ರಿವ್ಯೂ ಹಾಕ್ತೀನಿ ಅಂದಿದ್ದಕ್ಕೆ ಟೋನೇ ಬದಲಾಯ್ತು, "ಹಾಕಿ, ಲೀಗಲ್ ನೋಟಿಸ್ ಬರುತ್ತೆ. ನೀವು ಟೆಂಟ್ ಜಿಪ್ ಕಿತ್ತಿದೀರ, ಅದಕ್ಕೆ 3,000 ನೀವೇ ಕೊಡಬೇಕು." ಆಮೇಲೆ ಬ್ಲಾಕ್. 1915, ಗ್ರಾಹಕರ ಹೆಲ್ಪ್‌ಲೈನ್, ಅಲ್ಲಿ ಕಂಪ್ಲೇಂಟ್ ಕೊಡೋಕೆ ಕೂತಾಗ ಗೊತ್ತಾಯ್ತು ನಮ್ಮ ಹತ್ರ ಒಂದು ಬಿಲ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ದುಡ್ಡು ಹೋಗಿರೋದು ಯಾರದ್ದೋ ಸ್ವಂತ ಯುಪಿಐಗೆ, ಅದ್ರಲ್ಲಿ ಬಂದಿರೋ ಹೆಸರು ಫೋನಲ್ಲಿ ಮಾತಾಡ್ದೋರ ಹೆಸರೂ ಅಲ್ಲ. ಆದ್ರೂ ಚಾಟ್, ಸ್ಕ್ರೀನ್‌ಶಾಟ್, ಶೆಡ್ಡಿನ ಫೋಟೋ ಎಲ್ಲಾ ಹಾಕಿ ಕೊಟ್ಟಿದೀನಿ. ಇದೇ ವಾರ ನಾದಿನಿ ಒಂದು ಲಿಂಕ್ ಕಳಿಸಿದ್ಲು. ಹೊಸ ಹೆಸರು, ಹೊಸ ಪೇಜು, ಅದೇ ಡೋಮು, ಅದೇ ಬೆಟ್ಟ, ರೇಟ್ ಮಾತ್ರ 3,999 ಆಗಿದೆ.

ಮಲೆನಾಡಿನ ಎಲ್ಲರೂ ಹಿಂಗೆ ಅಂತ ನಾನು ಹೇಳ್ತಿಲ್ಲ, ಹೇಳೋದೂ ಇಲ್ಲ. ತಮ್ಮ ಮನೇಲೇ ಜಾಗ ಕೊಟ್ಟು, ತಾವೇ ಅಡುಗೆ ಮಾಡಿ ಕಡುಬು, ಅಕ್ಕಿ ರೊಟ್ಟಿ ಬಡಿಸೋ ಹೋಮ್‌ಸ್ಟೇಯವರು ಎಷ್ಟೋ ಜನ ಇದಾರೆ, ಇಂಥೋರಿಂದ ಅವರ ಹೆಸರೂ ಹಾಳು. ಅದಕ್ಕೇ ಬುಕ್ ಮಾಡೋ ಮುಂಚೆ ಮಾಲೀಕರು ಅಲ್ಲೇ ಇರ್ತಾರಾ ಕೇಳಿ, ಪ್ರವಾಸೋದ್ಯಮ ಇಲಾಖೆ ರಿಜಿಸ್ಟ್ರೇಷನ್ ನಂಬರ್ ಕೇಳಿ, ಕೊಡಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಟಾಯ್ಲೆಟ್ಟಿನ ವಿಡಿಯೋ ಕೇಳಿ, ಡೋಮಿಂದಲ್ಲ. ಟೆಂಟ್ ಒಳಗೆ ಕೆಂಡ ಇಡೋಕೆ ಯಾರೇ ಬಂದ್ರೂ ಬಿಡಬೇಡಿ, ಎಷ್ಟೇ ಚಳಿ ಇರ್ಲಿ. ಜೀಪ್ ಹತ್ರ ನಿಂತು ಬಾಕಿ ಕೇಳಿದ್ರೆ ಮೇಲೆ ನೋಡಿ ಕ್ಯಾಶ್ ಕೊಡ್ತೀವಿ ಅನ್ನಿ, ಕೈಯಲ್ಲಿ ಕ್ಯಾಶ್ ಇಟ್ಕೊಂಡೇ ಹೋಗಿ, ಆಗ ನೆಟ್‌ವರ್ಕ್ ಇಲ್ಲ ಅನ್ನೋ ನೆಪ ನಡೆಯಲ್ಲ. ಇಂಜಿನ್ ಆಫ್ ಮಾಡಿದ್ರೆ ಮಾಡ್ಲಿ. ಅಡ್ವಾನ್ಸ್ ಹೋದ್ರೂ ಪರವಾಗಿಲ್ಲ, ಕಾರ್ ತಿರುಗಿಸ್ಕೊಂಡು ಸಕಲೇಶಪುರ ಟೌನಿಗೋ ಹಾಸನಕ್ಕೋ ಬಂದ್ಬಿಡಿ, ಅಲ್ಲಿ ರೂಮ್ ಸಿಗುತ್ತೆ, ಗೋಡೆ ಇರುತ್ತೆ, ವಯಸ್ಸಾದೋರು ಹೋಗೋ ಅಂಥ ಬಾತ್‌ರೂಮ್ ಇರುತ್ತೆ.