ಪಿಆರ್‌ಪಿ ಇಂಜೆಕ್ಷನ್: ಎರಡು ವರ್ಷ, ಆರು ಸಲ

ನೆತ್ತಿಯಲ್ಲಿ ಕೂದಲು ತೆಳುವಾಗಿ ಬುರುಡೆ ಕಾಣಲು ಶುರುವಾದಾಗ ಪಿಆರ್‌ಪಿಗೆ, ಅಂದರೆ ನಮ್ಮದೇ ರಕ್ತದ ಒಂದು ಭಾಗವನ್ನು ತಲೆಗೆ ಚುಚ್ಚುವ ಚಿಕಿತ್ಸೆಗೆ, ಒಪ್ಪಿಕೊಂಡೆ. ಮೊದಲ ಮೂರು ಸಲ ತಿಂಗಳಿಗೊಂದು. ಆಮೇಲೆ ಐದು ತಿಂಗಳಿಗೊಮ್ಮೆ ಎಂದರು.

ಕೈಯಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಟ್ಯೂಬು ಹೊರಗೆ ಬಂದಾಗ ಕೆಂಪೆಲ್ಲ ತಳದಲ್ಲಿ ಕೂತಿರುತ್ತದೆ, ಮೇಲೆ ತಿಳಿ ಹಳದಿ ನೀರು. ಅದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನೇ ತಲೆಗೆ ಚುಚ್ಚುವುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು ಮೊದಲೇ ವೈದ್ಯರಿಗೆ ಹೇಳಲೇಬೇಕು.

ನೆತ್ತಿಯ ಮೇಲಿನ ನೋವು ತಡೆದುಕೊಳ್ಳಬಹುದು. ಹಣೆಯ ಅಂಚಿಗೆ ಬಂದಾಗ ಕಣ್ಣಲ್ಲಿ ತಾನಾಗೇ ನೀರು ಬರುತ್ತದೆ. ಸೂಜಿ ಇಳಿಯುವ ಕರಕರ ಸದ್ದು ತಲೆಯೊಳಗೇ ಕೇಳಿದ ಹಾಗಾಗುತ್ತದೆ. ಮೊದಲ ಸಲ ಬರೀ ಕ್ರೀಮ್ ಹಚ್ಚಿದ್ದರು, ಸಾಲಲಿಲ್ಲ. ಎರಡನೇ ಸಲ ಮರಗಟ್ಟಿಸುವ ಇಂಜೆಕ್ಷನ್ ಕೇಳಿ ಹಾಕಿಸಿಕೊಂಡೆ. ನೀವೂ ಕೇಳಿ, ಸಂಕೋಚ ಬೇಡ. ಮಾರನೇ ದಿನ ಹಣೆ ಸ್ವಲ್ಪ ಊದಿತ್ತು, ಎರಡು ದಿನಕ್ಕೆ ಇಳಿಯಿತು.

ಮೂರು ತಿಂಗಳು ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಮೊದಲು ಗೊತ್ತಾಗಿದ್ದು ಬಚ್ಚಲಲ್ಲಿ. ಜಾಲರಿಗೆ ಸಿಕ್ಕಿಕೊಳ್ಳುತ್ತಿದ್ದ ಕೂದಲಿನ ಉಂಡೆ ಚಿಕ್ಕದಾಗಿತ್ತು. ಪ್ರತಿ ತಿಂಗಳು ಒಂದೇ ದೀಪದ ಕೆಳಗೆ, ಒಣ ತಲೆಯಲ್ಲಿ ಫೋಟೋ ತೆಗೆದಿಟ್ಟಿದ್ದೆ. ಆರನೇ ತಿಂಗಳ ಫೋಟೋದಲ್ಲಿ ನೆತ್ತಿ ನಿಜಕ್ಕೂ ದಟ್ಟವಾಗಿತ್ತು. ಎಷ್ಟು ಖುಷಿಯಾಯಿತು ಅಂದರೆ, ಆ ಫೋಟೋ ಹತ್ತು ಸಲ ನೋಡಿದೆ. ಹಣೆಯ ಎರಡೂ ಮೂಲೆ ಮಾತ್ರ ಹಾಗೇ ಉಳಿದವು. ಸಣ್ಣಗಾದ ಕೂದಲು ದಪ್ಪವಾಗಬಹುದು, ಪೂರ್ತಿ ನುಣುಪಾದ ಜಾಗದಲ್ಲಿ ಹೊಸದು ಹುಟ್ಟುವುದು ತೀರಾ ಕಷ್ಟ.

ಐದನೇ ಸಲದ್ದು ಕೆಲಸದ ಒತ್ತಡದಲ್ಲಿ ಮೂರು ತಿಂಗಳು ತಡವಾಯಿತು. ಅಷ್ಟರಲ್ಲೇ ನೆತ್ತಿ ಮತ್ತೆ ತೆಳುವಾಗತೊಡಗಿತು. ಆಗ ನನಗೆ ವಿಷಯ ಸರಿಯಾಗಿ ಅರ್ಥವಾಯಿತು. ಗಂಡಸರ ಈ ಬೋಳುತನದಲ್ಲಿ ಕೂದಲಿನ ಬೇರನ್ನು ಕುಗ್ಗಿಸುವುದು ಡಿಎಚ್‌ಟಿ ಅನ್ನೋ ಹಾರ್ಮೋನು. ಪಿಆರ್‌ಪಿ ಅದನ್ನು ಕಡಿಮೆ ಮಾಡುವುದಿಲ್ಲ. ಆ ಕೆಲಸ ಮಾಡುವುದು ಫಿನಾಸ್ಟರೈಡ್. ಅಮೆರಿಕದಲ್ಲಿ 1997ರಲ್ಲೇ ಕೂದಲಿಗೆಂದು ಒಪ್ಪಿಗೆ ಸಿಕ್ಕ ಮಾತ್ರೆ ಅದು. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುವಂಥ ತೊಂದರೆ ಕೊಡುತ್ತದೆ, ಹಾಗಾಗಿ ಚರ್ಮವೈದ್ಯರ ಹತ್ತಿರ ಬಿಡಿಸಿ ಮಾತಾಡಿದ ಮೇಲೇ ಶುರು ಮಾಡಿದೆ. ಆಮೇಲೆ ಬಂದ ದಟ್ಟಣೆಯಲ್ಲಿ ಮಾತ್ರೆಯ ಪಾಲೆಷ್ಟು, ಸೂಜಿಯ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲಾರೆ.

ಮೊದಲೇ ಮಾತ್ರೆ ಶುರು ಮಾಡಿ, ಆಮೇಲೆ ಇಂಜೆಕ್ಷನ್ ಯೋಚಿಸಬೇಕಿತ್ತು ಅನ್ನಿಸುತ್ತದೆ. ಆದರೂ ನಿಲ್ಲಿಸುತ್ತಿಲ್ಲ. ಮುಂದಿನ ಸಲ ಹಣೆಯ ಮೂಲೆಗೆ ಚುಚ್ಚುವುದು ಬೇಡ, ನೆತ್ತಿಗಷ್ಟೇ ಸಾಕು ಎಂದು ವೈದ್ಯರಿಗೆ ಹೇಳಿ ಬಂದಿದ್ದೇನೆ.