‘ಈ ಗೇಮ್ ಒಂದ್ಸಲ ಆಡಿ ನೋಡ್ತೀಯಾ?’ ಅಂತ ಡಿಸ್ಕಾರ್ಡ್‌ನಲ್ಲಿ ಗೆಳೆಯನ ಮೆಸೇಜ್ ಬಂದರೆ ಹುಷಾರು

ಡಿಸ್ಕಾರ್ಡ್ ಅನ್ನುವ ಹರಟೆ ಆಪ್‌ನಲ್ಲಿ ಗುಂಪು ಮಾಡಿಕೊಂಡು ಗೇಮ್ ಆಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನಮ್ಮ ಸರ್ವರ್ (ಡಿಸ್ಕಾರ್ಡ್‌ನಲ್ಲಿ ಗುಂಪಿನ ಜಾಗಕ್ಕೆ ಹಾಗಂತಾರೆ) ರಾತ್ರೋರಾತ್ರಿ ಖಾಲಿಯಾಯಿತು. ಇಬ್ಬರು ಹುಡುಗರ ಅಕೌಂಟ್ ಹೋಯಿತು. ತಪ್ಪು ಆ ಆಪ್‌ನದು ಅಂತ ನಾನು ಹೇಳುತ್ತಿಲ್ಲ. ಕಳ್ಳರು ಬಂದ ದಾರಿ ಯಾವುದು ಅಂತ ನಿಮಗೂ ಗೊತ್ತಿರಲಿ, ಅಷ್ಟೇ.

ನಮ್ಮದು ಸಣ್ಣ ಗುಂಪು. 2020ರ ಲಾಕ್‌ಡೌನ್‌ನಲ್ಲಿ ಪಬ್‌ಜಿ ಆಡುತ್ತಾ ಸೇರಿಕೊಂಡವರು. ಆ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆದ ಮೇಲೆ ಕೆಲವರು ವ್ಯಾಲರಂಟ್ ಹಿಡಿದರು, ಕೆಲವರು ಕೌಂಟರ್ ಸ್ಟ್ರೈಕ್. ಆಟ ಬೇರೆಯಾದರೂ ಹರಟೆ ಮಾತ್ರ ಒಂದೇ ಕಡೆ. ಊಟ ಮುಗಿಸಿ ವಾಯ್ಸ್ ಚಾನೆಲ್‌ಗೆ ಬಂದರೆ ಯಾರಾದರೂ ಇದ್ದೇ ಇರುತ್ತಿದ್ದರು. ಒಬ್ಬನ ಮೈಕ್‌ನಲ್ಲಿ ಫ್ಯಾನ್ ಸದ್ದು, ಇನ್ನೊಬ್ಬನದರಲ್ಲಿ ‘ಇನ್ನೂ ಮಲಗಿಲ್ವೇನೋ’ ಅಂತ ಅವರಮ್ಮನ ಬೈಗುಳ.

ಒಂದು ರಾತ್ರಿ ಶಿವಮೊಗ್ಗದ ಹುಡುಗನ ಅಕೌಂಟ್‌ನಿಂದ ನಮಗೆಲ್ಲ ಬೇರೆ ಬೇರೆಯಾಗಿ ಮೆಸೇಜ್ ಬಂತು. ‘ನನ್ನ ಫ್ರೆಂಡ್ ಒಂದು ಗೇಮ್ ಮಾಡಿದಾನೆ, ಆಡಿ ನೋಡಿ ಹೇಗಿದೆ ಹೇಳ್ತೀಯಾ?’ ಅಂತ ಇಂಗ್ಲಿಷ್‌ನಲ್ಲಿ. ಕೆಳಗೆ ಲಿಂಕ್. ಒತ್ತಿದರೆ ಚೆಂದದ ವೆಬ್‌ಸೈಟ್, ಗೇಮ್‌ನ ಚಿತ್ರಗಳು, ದೊಡ್ಡ ಡೌನ್‌ಲೋಡ್ ಬಟನ್. ಇಳಿಸಿಕೊಂಡರೆ ಸಿಗುವುದು ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್. ಆ ಪಾಸ್‌ವರ್ಡ್ ಯಾಕೆ ಗೊತ್ತಾ? ಹಾಗೆ ಬೀಗ ಹಾಕಿದ ಫೈಲಿನ ಒಳಗೆ ಏನಿದೆ ಅಂತ ಆಂಟಿವೈರಸ್‌ಗೆ ಕಾಣುವುದಿಲ್ಲ.

ದಾವಣಗೆರೆಯವನು ಇಳಿಸಿಕೊಂಡು ಓಪನ್ ಮಾಡಿದ. ಏನೋ ಎರರ್ ತೋರಿಸಿ ಮುಚ್ಚಿಕೊಂಡಿತು. ‘ಓಡ್ತಿಲ್ಲ ಮಗಾ, ನಾಳೆ ನೋಡೋಣ’ ಅಂತ ಉತ್ತರ ಹಾಕಿ ಮಲಗಿದ. ಅಷ್ಟರಲ್ಲೇ ಕೆಲಸ ಮುಗಿದಿತ್ತು.

ಹುಬ್ಬಳ್ಳಿಯವನಿಗೂ ಅದೇ ಮೆಸೇಜ್ ಹೋಗಿತ್ತು. ಅವನು ‘ಮೊದ್ಲ ವಾಯ್ಸ್‌ಗೆ ಬಾರಲೇ, ಮಾತಾಡೂಣು’ ಅಂದ. ‘ಸಾರಿ ಬ್ರೋ, ಮೈಕ್ ಕೆಟ್ಟಿದೆ’ ಅಂತ ಬಂತು, ಮತ್ತೆ ಇಂಗ್ಲಿಷ್‌ನಲ್ಲಿ. ನಮ್ಮ ಶಿವಮೊಗ್ಗದವನು ಜನ್ಮದಲ್ಲಿ ಯಾರಿಗೂ ‘ಬ್ರೋ’ ಅಂದವನಲ್ಲ. ಎಲ್ಲರಿಗೂ ‘ಗುರು’ನೇ. ಅನುಮಾನ ಬಂದು ಫೋನ್ ಮಾಡಿದರೆ, ‘ಸಂಜೆಯಿಂದ ನನ್ನ ಅಕೌಂಟೇ ಓಪನ್ ಆಗ್ತಿಲ್ಲ ಗುರು’ ಅಂದ. ಅವನೂ ಬೇರೊಂದು ಸರ್ವರ್‌ನಲ್ಲಿ ಪರಿಚಯದವರು ಕಳಿಸಿದ ಇಂಥದ್ದೇ ‘ಗೇಮ್’ ಓಪನ್ ಮಾಡಿದ್ದನಂತೆ.

ದಾವಣಗೆರೆಯವನು ನಮ್ಮ ಮಾಡರೇಟರ್, ಅಂದರೆ ಸರ್ವರ್ ನೋಡಿಕೊಳ್ಳುವವನು. ಬೆಳಗ್ಗೆ ನಾವು ಏಳುವಷ್ಟರಲ್ಲಿ ಅವನ ಹೆಸರಿನಲ್ಲಿ ಚಾನೆಲ್‌ಗಳೆಲ್ಲ ಅಳಿಸಿ ಹೋಗಿದ್ದವು. ಅರ್ಧ ಜನ ಬ್ಯಾನ್ ಆಗಿದ್ದರು. ಉಳಿದ ಒಂದೇ ಚಾನೆಲ್‌ನಲ್ಲಿ ಅದೇ ಲಿಂಕ್, ಎಲ್ಲರಿಗೂ ನೋಟಿಫಿಕೇಶನ್ ಹೋಗುವ ಹಾಗೆ. ಡಿಸ್ಕಾರ್ಡ್‌ನಲ್ಲಿ ಚಾನೆಲ್ ಅಳಿಸಿದರೆ ವಾಪಸ್ ಬರುವುದಿಲ್ಲ. ಅಷ್ಟು ವರ್ಷದ ಫೋಟೊ, ಸ್ಕ್ರೀನ್‌ಶಾಟ್, ಒಬ್ಬರ ಕಾಲು ಒಬ್ಬರು ಎಳೆದಿದ್ದು, ಎಲ್ಲ ಹೋಯಿತು. ಗೇಮ್ ಕೊಳ್ಳುವ ಅಂಗಡಿಯಾದ ಸ್ಟೀಮ್‌ನ ಅವನ ಅಕೌಂಟ್‌ನಲ್ಲಿದ್ದ ಕೌಂಟರ್ ಸ್ಟ್ರೈಕ್ ಸ್ಕಿನ್‌ಗಳೂ (ಆಟದ ಆಯುಧಗಳಿಗೆ ಹಾಕುವ ಬಣ್ಣದ ವಿನ್ಯಾಸ) ಯಾರದೋ ಪಾಲಾದವು.

‘ಓಟಿಪಿ ಹಾಕಿಟ್ಟಿದ್ನಲ್ಲ, ಹೇಗೆ ಹೋಯ್ತು?’ ಅಂತ ಅವನ ಪ್ರಶ್ನೆ. ಕಳ್ಳ ಒಳಗೆ ಹೋಗಿದ್ದು ಪಾಸ್‌ವರ್ಡ್‌ನಿಂದಲ್ಲ, ಕದ್ದ ಟೋಕನ್‌ನಿಂದ. ಒಂದು ಸಲ ಲಾಗಿನ್ ಆದರೆ ಕಂಪ್ಯೂಟರ್‌ನಲ್ಲಿ ಉಳಿಯುವ ಉದ್ದನೆಯ ಅಕ್ಷರಸಾಲು ಅದು. ಎಕ್ಸಿಬಿಷನ್ ಗೇಟಿನಲ್ಲಿ ಕೈಗೆ ಒತ್ತುವ ಸೀಲ್ ಇದ್ದ ಹಾಗೆ. ಅದು ಇದ್ದವನನ್ನು ಮತ್ತೆ ಟಿಕೆಟ್ ಕೇಳುವುದಿಲ್ಲ. ಆ ಫೈಲ್ ಟೋಕನ್ನಿನ ಜೊತೆಗೆ ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನೂ ಲಾಗಿನ್ ನೆನಪಿಟ್ಟುಕೊಳ್ಳುವ ಕುಕಿಗಳನ್ನೂ ಬಾಚಿಕೊಂಡು ಹೋಗುತ್ತದೆ.

ಇಲ್ಲಿ ಇನ್ನೊಂದು ಹೊಂಡ ಇದೆ. ಪಾಸ್‌ವರ್ಡ್ ಬದಲಿಸಿದರೆ ಹಳೇ ಟೋಕನ್ ಕೆಲಸಕ್ಕೆ ಬರುವುದಿಲ್ಲ, ನಿಜ. ಆದರೆ ಅದೇ ಕಂಪ್ಯೂಟರ್‌ನಲ್ಲಿ ಕೂತು ಬದಲಿಸಬೇಡಿ. ಇಂಥ ಎಷ್ಟೋ ವೈರಸ್‌ಗಳು ಡಿಸ್ಕಾರ್ಡ್ ಆಪ್‌ನ ಫೈಲಿನೊಳಗೇ ಸೇರಿಕೊಂಡಿರುತ್ತವೆ. ನೀವು ಹೊಸ ಪಾಸ್‌ವರ್ಡ್ ಟೈಪ್ ಮಾಡಿದ್ದೇ ತಡ, ಅದೂ ಕಳ್ಳನಿಗೆ ಹೋಗುತ್ತದೆ. ಮೊದಲು ಆ ಕಂಪ್ಯೂಟರ್‌ನ ನೆಟ್ ತೆಗೆಯಿರಿ. ಫೋನ್‌ನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಡಿಸ್ಕಾರ್ಡ್‌ದು. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸಸ್’ ಅಂತ ಇದೆ, ಅಲ್ಲಿಂದ ಎಲ್ಲ ಕಡೆ ಲಾಗೌಟ್ ಮಾಡಿ. ಕೊನೆಗೆ ವಿಂಡೋಸ್ ಹೊಸದಾಗಿ ಹಾಕಿಸುವುದೇ ವಾಸಿ. ಸುಮ್ನೆ ಆ ಫೈಲ್ ಡಿಲೀಟ್ ಮಾಡಿದರೆ ಸಾಲದು.

ಹಿಂದೆ ಟೀಮ್‌ಸ್ಪೀಕ್, ವೆಂಟ್ರಿಲೊ, ಮಂಬಲ್ ಥರದ ವಾಯ್ಸ್ ಆಪ್ ಬಳಸಿದವರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ಆಗ ಆಟದ ಹೊತ್ತಿಗೆ ಸರ್ವರ್‌ಗೆ ಹೋಗಿ ಮಾತಾಡುವುದು, ಬರುವುದು, ಅಷ್ಟೇ. 2015ರಲ್ಲಿ ಡಿಸ್ಕಾರ್ಡ್ ಬಂದ ಮೇಲೆ ಮಾತು, ಚಾಟ್, ಫೋಟೊ, ಗೆಳೆಯರ ಪಟ್ಟಿ ಎಲ್ಲ ಒಂದೇ ಅಕೌಂಟಿಗೆ ಬಂದು ಕೂತವು. ಅನುಕೂಲವೇನೋ ಜಾಸ್ತಿ. ಕಳ್ಳನಿಗೂ ಅನುಕೂಲವೇ, ಅಲ್ವಾ?

ಗೇಮ್ ನೆಪ ಒಂದೇ ಅಲ್ಲ. ಹೊಸ ಸರ್ವರ್‌ಗೆ ಸೇರಿದಾಗ ‘ವೆರಿಫೈ ಮಾಡಿ’ ಅಂತ ಕ್ಯೂಆರ್ ಕೋಡ್ ತೋರಿಸುತ್ತಾರೆ. ಅದನ್ನು ಡಿಸ್ಕಾರ್ಡ್ ಆಪ್‌ನಲ್ಲಿ ಸ್ಕ್ಯಾನ್ ಮಾಡಿ ಒಪ್ಪಿಕೊಂಡರೆ ನಿಮ್ಮ ಅಕೌಂಟ್ ಅವರ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗುತ್ತದೆ. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ ಏನನ್ನೋ ಪೇಸ್ಟ್ ಮಾಡಿ ಅಂದರಂತೂ ತಕ್ಷಣ ಆ ಸರ್ವರ್‌ನಿಂದ ಎದ್ದು ಬನ್ನಿ.

ನಮ್ಮಲ್ಲೀಗ ಯಾರೇ ಫೈಲ್ ಕಳಿಸಿದರೂ ಅವನು ವಾಯ್ಸ್‌ಗೆ ಬಂದು ಮಾತಾಡುವವರೆಗೆ ಯಾರೂ ಮುಟ್ಟುವುದಿಲ್ಲ. ಮೈಕ್ ಕೆಟ್ಟಿದ್ದರೆ ಫೋನ್ ಮಾಡಲಿ. ಚಾನೆಲ್ ಅಳಿಸುವ ಅಧಿಕಾರ ಒಬ್ಬರಿಗೇ ಇಟ್ಟಿದ್ದೇವೆ. ದುಡ್ಡೂ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೆಸೇಜ್ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಕೇಳುತ್ತಾರೆ.

ಶಿವಮೊಗ್ಗದವನ ಅಕೌಂಟ್ ವಾಪಸ್ ಸಿಕ್ಕಿತು. ದಾವಣಗೆರೆಯವನದು ಸಿಕ್ಕಿಲ್ಲ, ಹೊಸದು ಮಾಡಿಕೊಂಡಿದ್ದಾನೆ. ಅವನ ಹಳೇ ಅಕೌಂಟ್‌ನಿಂದ ಪರಿಚಯದವರಿಗೆ ಈಗಲೂ ಮೆಸೇಜ್ ಹೋಗುತ್ತಲೇ ಇವೆ. ನಿಮಗೂ ಅಂಥದ್ದು ಬಂದರೆ ಮಾತಿಗಿಳಿಯಬೇಡಿ, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ.