ಟಿಪ್ಪಣಿಗೆ ಗೂಗಲ್ ಕೀಪ್ ಸಾಕೋ, ಆಬ್ಸಿಡಿಯನ್ ಬೇಕೋ?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುವವರಿಗೆ ಕಿರಾಣಿ ಪಟ್ಟಿ, ಅರ್ಜಿಯ ಕೊನೆಯ ದಿನಾಂಕ ಇಂಥವನ್ನು ಬರೆದಿಡಲು ಗೂಗಲ್ ಕೀಪ್ ಎಂಬ ಟಿಪ್ಪಣಿ ಆ್ಯಪ್ ಧಾರಾಳವಾಗಿ ಸಾಕು. ಮೊಬೈಲಿನಲ್ಲಿ ಬರೆದದ್ದು ಲ್ಯಾಪ್‌ಟಾಪಿನಲ್ಲಿ ತಾನಾಗಿಯೇ ಸಿಗುತ್ತದೆ.

ವರ್ಷಗಟ್ಟಲೆ ಬೆಳೆಯುವ ವಿಷಯವಾರು ಟಿಪ್ಪಣಿಗೆ ಮಾತ್ರ ಆಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶವೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಪ್ರತಿ ಟಿಪ್ಪಣಿಯನ್ನೂ ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ಕಡತವಾಗಿ ನಮ್ಮದೇ ಯಂತ್ರದಲ್ಲಿ ಉಳಿಸುವುದರಿಂದ, ಇಂಟರ್ನೆಟ್ ಇಲ್ಲದಾಗಲೂ ಕೆಲಸ ನಿಲ್ಲುವುದಿಲ್ಲ. ನಾಳೆ ಆ ತಂತ್ರಾಂಶವನ್ನೇ ಬಿಟ್ಟರೂ ಬರಹವೆಲ್ಲ ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುತ್ತದೆ. ‘ಕಿತ್ತೂರು’ ಟಿಪ್ಪಣಿಯೊಳಗೆ [[ಸಂಗೊಳ್ಳಿ ರಾಯಣ್ಣ]] ಎಂದು ಜೋಡಿ ಚೌಕ ಆವರಣದಲ್ಲಿ ಬರೆದರೆ ಆ ಹೆಸರಿನ ಟಿಪ್ಪಣಿಗೆ ಕೊಂಡಿ ಬೀಳುತ್ತದೆ, ಅಲ್ಲಿಂದ ಹಿಂದಕ್ಕೂ ದಾರಿ ಕಾಣುತ್ತದೆ. ಇತಿಹಾಸ ಓದುವವರಿಗೆ ಇದೊಂದೇ ಸಾಕು.

ಆದರೆ ಮೊಬೈಲು, ಲ್ಯಾಪ್‌ಟಾಪು ಎರಡರಲ್ಲೂ ಟಿಪ್ಪಣಿ ಒಂದೇ ಆಗಿರುವಂತೆ ನೋಡಿಕೊಳ್ಳುವ ಆಬ್ಸಿಡಿಯನ್ನಿನ ಸ್ವಂತ ಸಿಂಕ್ ಸೇವೆಗೆ ಹಣ ಕೊಡಬೇಕು. ಉಚಿತವಾಗಿಯೇ ಆಗಬೇಕೆನ್ನುವವರು ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವನ್ನು ಹೊಂದಿಸಿಕೊಳ್ಳಬಹುದು, ಅದಕ್ಕೆ ತುಸು ತಾಳ್ಮೆ ಬೇಕು.